ನಲವತ್ತೊಂದನೇ ನಂಬರು

"ಇವತ್ತೂ ಮೂವರು ಬಂದಿಲ್ಲ." ಮಾಲೀಕರು ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು. "ಇಂಥವರಿಗೆ ನಾನು ಸಂಬಳ ಜಾಸ್ತಿ ಮಾಡಬೇಕು, ಅಲ್ವಾ?"

ಮೇಲ್ವಿಚಾರಕಿ ನಿಂತೇ ಇದ್ದಳು. ಕೂತುಕೋ ಎಂದು ಯಾರೂ ಹೇಳಿರಲಿಲ್ಲ.

ಕೆಳಗೆ ಶೀತಲ ಕೋಣೆಯಲ್ಲಿ ಇಪ್ಪತ್ತೊಂದು ಹೆಂಗಸರು ಹಸಿ ಬಟಾಣಿಯನ್ನು ಪೊಟ್ಟಣಕ್ಕೆ ತುಂಬುತ್ತಿದ್ದರು. ಸಂಬಳದ ಮಾತು ಇವತ್ತು ತೀರ್ಮಾನವಾಗದಿದ್ದರೆ ಶನಿವಾರ ಕೆಲಸ ಬಿಡುತ್ತೇವೆ ಎಂದು ಅವರಲ್ಲಿ ಒಂಬತ್ತು ಜನ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಒಂಬತ್ತು ಜನ ಹೋದರೆ ಪ್ಯಾಕಿಂಗ್ ಲೈನು ಮುಚ್ಚುತ್ತದೆ. ಲೈನು ಮುಚ್ಚಿದರೆ ಅವಳ ಕೆಲಸವೂ ಹೋಗುತ್ತದೆ. ಅವಳು ಈ ಜಾಗಕ್ಕೆ ಬಂದು ಮೂರು ತಿಂಗಳಾಗಿತ್ತು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

"ಅವರು ಸೋಮಾರಿಗಳಲ್ಲ ಸಾರ್. ತಿಂಗಳಲ್ಲಿ ಒಂದು ದಿನ ತಪ್ಪಿದ್ರೂ ಹಾಜರಿ ಭತ್ಯೆ ಪೂರ್ತಿ ಕಟ್ ಮಾಡ್ತೀವಿ. ಅದು ಹೋದಮೇಲೆ ಉಳಿಯೋ ದುಡ್ಡಲ್ಲಿ ಬಾಡಿಗೆ ಕಟ್ಟಿದ್ರೆ ಊಟಕ್ಕಿಲ್ಲ. ಬೇರೆ ಕಡೆ ಪಾತ್ರೆ ತಿಕ್ಕೋ ಕೆಲಸ ಸಿಕ್ಕಿದ್ರೂ ಓಡ್ತಾರೆ. ಈ ಸಂಬಳಕ್ಕೆ ದಿನಾ ಬರೋದು ಯಾರಿಂದಲೂ ಆಗಲ್ಲ."

"ಯಾರಿಂದಲೂ?" ಮಾಲೀಕರು ಹಾಳೆ ಮಗುಚಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಹಾಗಾದ್ರೆ ಇವಳ್ಯಾರು?"

ನಲವತ್ತೊಂದನೇ ನಂಬರು. ಹದಿನಾಲ್ಕು ತಿಂಗಳು. ಒಂದು ದಿನವೂ ಖಾಲಿ ಇಲ್ಲ.

"ಅದೇ ಸಂಬಳ, ಅದೇ ಚಳಿ. ಎಲ್ಲರಿಗಿಂತ ಮೊದಲು ಬರ್ತಾಳೆ, ಎಲ್ಲರಿಗಿಂತ ಕೊನೆಗೆ ಹೋಗ್ತಾಳೆ. ನಿಯತ್ತು ಅನ್ನೋದು ರಕ್ತದಲ್ಲಿ ಬರಬೇಕಮ್ಮಾ, ಸಂಬಳದಲ್ಲಿ ಬರಲ್ಲ. ಕರಕೊಂಡು ಬಾ ಅವಳನ್ನ. ಇವಳ ಫೋಟೋ ಗೇಟಿಗೆ ಹಾಕಿಸ್ತೀನಿ. ಸಂಬಳದ ವಿಷಯ ಅಲ್ಲಿಗೆ ಮುಗೀತು."

ಮೇಲ್ವಿಚಾರಕಿ ಮೆಟ್ಟಿಲಿಳಿದಳು. ಇಷ್ಟೂ ದಿನ ಕಟ್ಟಿದ ವಾದವನ್ನು ಒಬ್ಬಳೇ ಹೆಂಗಸು ಕೆಡವಿದ್ದಳು.

ಶೀತಲ ಕೋಣೆಯಲ್ಲಿ ಎಲ್ಲರೂ ಒಂದೇ ಥರ. ಕಿವಿ ಮುಚ್ಚುವ ಟೋಪಿ, ಮಾಸ್ಕು, ಮಂಡಿ ದಾಟುವ ಕೋಟು. ಬೆನ್ನ ಮೇಲಿನ ನಂಬರೇ ಹೆಸರು. ರಬ್ಬರ್ ಬೂಟೂ ನಂಬರಿಗೆ ಒಂದೇ ಜೊತೆ. ನಲವತ್ತೊಂದನೆಯವಳು ಮಾತ್ರ ಎಲ್ಲರಿಂದ ದೂರ. ಊಟಕ್ಕೂ ಗೋಡೆ ಕಡೆ ಮುಖ ಮಾಡಿಯೇ ಕೂರುವವಳು. ಕೇಳಿದ್ದಕ್ಕೆ ತಲೆಯಾಡಿಸಿದರೆ ಅದೇ ಹೆಚ್ಚು. ಲೈನಿನಲ್ಲಿ ಅವಳಿಗೆ 'ಮಾಲೀಕರ ಮಗಳು' ಎಂದು ಹೆಸರು ಬಿದ್ದಿತ್ತು. ಮಾಲೀಕರಿಂದ ಅವಳಿಗೆ ಒಳಗಿಂದೊಳಗೆ ಏನೋ ಸಲ್ಲುತ್ತಿದೆ ಎಂದು ಮೇಲ್ವಿಚಾರಕಿಗೂ ಅನುಮಾನವಿತ್ತು. ಇಲ್ಲದಿದ್ದರೆ ಹದಿನಾಲ್ಕು ತಿಂಗಳಲ್ಲಿ ಒಂದು ನೆಗಡಿಯಾದರೂ ಬರಬೇಡವೇ?

"ಮಾಲೀಕರು ಕರೀತಿದಾರೆ. ನಡಿ."

ಅವಳ ಕೈಯಿಂದ ಪೊಟ್ಟಣ ಜಾರಿ ಬಟಾಣಿ ನೆಲದ ತುಂಬ ಉರುಳಿತು.

"ನೋಡ್ರೇ, ಅಪ್ಪ ಕರೆದ ಅಂದ ತಕ್ಷಣ ಮಗಳಿಗೆ ಕೈಕಾಲೇ ಆಡ್ತಿಲ್ಲ," ಎಂದಳು ಲೇಬಲ್ ಅಂಟಿಸುವವಳು. "ಇವಳನ್ನ ಕರಕೊಂಡು ಹೋಗೋಕೆ ಯಮ ಬಂದ್ರೂ ಹಾಜರಿ ಹಾಕಿಸ್ಕೊಂಡೇ ಹೋಗ್ತಾಳೆ ಕಣ್ರೇ!"

ಲೈನು ನಕ್ಕಿತು. ನಲವತ್ತೊಂದನೆಯವಳು ನಗಲಿಲ್ಲ.

"ಇವತ್ತು ಬೇಡ ತಾಯೀ," ಎಂದಳು ಮಾಸ್ಕಿನೊಳಗಿಂದ. "ನಾಳೆ ಕರೀರಿ."

"ನಾಳೆ ಏನು ವಿಶೇಷ?"

"ನಾಳೆ ಆದ್ರೆ... ಸರಿಯಾಗಿ ಮಾತಾಡೋಕಾಗುತ್ತೆ."

ನಿನ್ನೆ ಅಕ್ಕಾ ಎಂದಿದ್ದವಳು ಇವತ್ತು ತಾಯೀ ಎನ್ನುತ್ತಿದ್ದಳು. ಭಯ ಎಂಥವರ ನಾಲಗೆಯನ್ನೂ ಬಗ್ಗಿಸುತ್ತದೆ ಎಂದುಕೊಂಡಳು ಮೇಲ್ವಿಚಾರಕಿ.

ಮೆಟ್ಟಿಲು ಹತ್ತುವಾಗ ನಲವತ್ತೊಂದನೆಯವಳು ಕಂಬಿ ಹಿಡಿದು, ಒಂದೊಂದೇ ಹೆಜ್ಜೆ ಎತ್ತಿಡುತ್ತಿದ್ದಳು.

"ಏನಾಯ್ತು ಕಾಲಿಗೆ?"

"ಬೂಟು ಕಚ್ಚುತ್ತೆ."

"ನಿನ್ನೆ ಇದೇ ಬೂಟಲ್ಲಿ ಕ್ರೇಟು ಹೊತ್ಕೊಂಡು ಓಡ್ತಿದ್ದೆ."

ನಾಟಕ, ಎಂದುಕೊಂಡಳು ಮೇಲ್ವಿಚಾರಕಿ. ಆದರೂ ಬಾಗಿಲ ಹತ್ತಿರ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು. ಬೇಡಿಕೊಳ್ಳುವುದೊಂದೇ ಉಳಿದಿತ್ತು.

"ಕೈ ಮುಗೀತೀನಿ ಕಣೇ. ನೀನು ಒಳಗೆ ಹೋಗಿ ಸಂಬಳ ಸಾಕು ಅಂದ್ರೆ ಇಪ್ಪತ್ತು ಮನೆ ಒಲೆ ಆರುತ್ತೆ. ಒಂದೇ ಒಂದು ಸಲ ನಿಜ ಹೇಳು."

"ನಿಜ ಹೇಳಿದ್ರೆ ನಮ್ಮನೆ ಒಲೆ ಮೊದಲು ಆರುತ್ತೆ ತಾಯೀ."

ಒಳಗೆ ಮಾಲೀಕರು ಎದ್ದು ನಿಂತರು. ಇಷ್ಟು ಹೊತ್ತು ಮೇಲ್ವಿಚಾರಕಿಗೆ ಸಿಗದ ಕುರ್ಚಿಯನ್ನು ತಾವೇ ಎಳೆದು ಹಾಕಿದರು. ಮೇಜಿನ ಮೇಲೆ ನಲವತ್ತೊಂದರ ಅರ್ಜಿ ತೆರೆದಿತ್ತು. ಅದಕ್ಕೆ ಅಂಟಿಸಿದ ಫೋಟೋದಲ್ಲಿ ದುಂಡು ಮುಖ, ಗಲ್ಲದ ಮೇಲೆ ಮಚ್ಚೆ, ಇಪ್ಪತ್ತಾರು ವಯಸ್ಸು. ಗುಮಾಸ್ತ ಮೊಬೈಲು ಹಿಡಿದು ಫೋಟೋ ತೆಗೆಯಲು ಸಿದ್ಧನಾಗಿದ್ದ.

"ಬಾಮ್ಮಾ, ಕೂತ್ಕೋ. ನಿನ್ನಂಥವಳು ಒಬ್ಬಳು ಇದ್ರೆ ಸಾಕು, ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ. ಈ ಸಂಬಳದಲ್ಲಿ ಒಂದು ದಿನವೂ ತಪ್ಪದೆ ಹೇಗೆ ಬಂದೆ, ಇವಳಿಗೆ ಸ್ವಲ್ಪ ಬುದ್ಧಿ ಹೇಳು. ಮೊದಲು ಆ ಮಾಸ್ಕ್ ತೆಗಿ."

ಅವಳು ಮಾಸ್ಕಿನ ದಾರಕ್ಕೆ ಕೈ ಹಾಕಿದಳು. ಚಳಿಗೆ ಸೆಟೆದ ಬೆರಳಿಗೆ ಗಂಟು ಸಿಗಲಿಲ್ಲ. ಇನ್ನೊಮ್ಮೆ ಯತ್ನಿಸಿ, ಕೈ ಕೆಳಗಿಳಿಸಿ, ಮೇಲ್ವಿಚಾರಕಿಯ ಕಡೆ ನೋಡಿದಳು. ಮೇಲ್ವಿಚಾರಕಿ ಹಿಂದೆ ಹೋಗಿ, ಅವಸರದಲ್ಲಿ, ತಾನೇ ಗಂಟು ಎಳೆದಳು.

ಮಾಸ್ಕಿನ ಜೊತೆ ಟೋಪಿಯೂ ಬಂತು. ಬೆಳ್ಳಗಿನ ಕೂದಲು ಹೆಗಲಿಗೆ ಬಿತ್ತು. ಗುಮಾಸ್ತನ ಮೊಬೈಲು ಎತ್ತಿದಲ್ಲೇ ನಿಂತಿತು. ಮಾಲೀಕರು ಅರ್ಜಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಮತ್ತೆ ಅರ್ಜಿಯನ್ನು ನೋಡಿದರು.

"ಸೋಮವಾರ, ಗುರುವಾರ ಮಾತ್ರ ನಾನು ಬರೋದು ಸಾರ್," ಎಂದಳು ಮುಂದಿನ ಹಲ್ಲಿಲ್ಲದ ಮುದುಕಿ. "ಬಾಕಿ ದಿನ ನನ್ನ ಸೊಸೆ, ಮಗಳು ಬರ್ತಾರೆ. ಈ ಸಂಬಳಕ್ಕೆ ದಿನಾ ಬರೋದು ಒಬ್ಬಳಿಂದ ಆಗಲ್ಲ."