ಗುಲಾಬಿ ಹಾರುವ ತಟ್ಟೆ

"ಬೂದು ಬಣ್ಣ ಹೇಗೆ ಕೂತಿದೆ ನೋಡು" ಎಂದು ವಿಶ್ರುತ್ ದೀಪವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಾಗ ಮೈತ್ರೇಯಿಗೆ ಮೊದಲು ನಗು ಬಂತು. ಹಾರುವ ತಟ್ಟೆಯ ಆಕಾರದ ಆ ಮೇಜಿನ ದೀಪ ಅಂಚಿನಿಂದ ಅಂಚಿಗೆ ಅಪ್ಪಟ ಗುಲಾಬಿಯಾಗಿತ್ತು. ಗಂಡ ತಮಾಷೆ ಮಾಡುತ್ತಿರಬೇಕು ಎಂದುಕೊಂಡು ಅವನ ಮುಖ ನೋಡಿದಳು. ಮುಖದಲ್ಲಿ ಇದ್ದದ್ದು ಬರೀ ಹೆಮ್ಮೆ.

ಜಯನಗರದ ಆಟಿಕೆ ಅಂಗಡಿಯಿಂದ ಬನಶಂಕರಿಯ ಈ ಮನೆಗೆ ಬಂದಾಗ ದೀಪ ಇಡ್ಲಿ ಪಾತ್ರೆಯ ಮುಚ್ಚಳದಂತೆ ಬೆಳ್ಳಗೆ ಬೋಳಾಗಿತ್ತು. ತಟ್ಟೆಯ ನೆತ್ತಿಯಲ್ಲೊಂದು ಪಾರದರ್ಶಕ ಗುಮ್ಮಟ, ಅದರೊಳಗೆ ಬೇರೆ ಗ್ರಹದ ಒಬ್ಬ ಪುಟ್ಟ ಮನುಷ್ಯ, ಸ್ವಿಚ್ ಒತ್ತಿದರೆ ಹೊಟ್ಟೆಯಡಿಯಿಂದ ಬೆಳಕು. ವಿಶ್ರುತ್ ಅದನ್ನು ನಯವಾದ ಉಪ್ಪು ಕಾಗದದಲ್ಲಿ ತಿಕ್ಕಿ, ಮಾದರಿ ವಿಮಾನಗಳಿಗೆಂದು ಕೊಂಡಿಟ್ಟಿದ್ದ ಬಣ್ಣ ಹಚ್ಚಿದ್ದ. ಕುಂಕುಮದ ಭರಣಿಯಷ್ಟೇ ಇರುವ ಆ ಡಬ್ಬಿಗಳನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮರುದಿನ ಭಾನುವಾರ, ಮಾದರಿ ತಯಾರಕರ ಸಂಘದ ಪ್ರದರ್ಶನ. ಎಷ್ಟೋ ವರ್ಷ ಪ್ರೇಕ್ಷಕನಾಗಿಯೇ ಹೋಗಿ ಬಂದಿದ್ದವನು ಈ ಸಲ ಧೈರ್ಯ ಮಾಡಿ ಹೆಸರು ಕೊಟ್ಟಿದ್ದ.

ಮೈತ್ರೇಯಿ ಗುಮ್ಮಟದತ್ತ ಬೆರಳು ಮಾಡಿ, ಇವನಿಗೆ ಯಾವ ಬಣ್ಣ ಹಾಕಿದ್ದೀರಿ ಎಂದು ಕೇಳಿದಳು. ಇನ್ಯಾವುದು, ಹಸಿರು ಎಂದ. ಪುಟ್ಟ ಮನುಷ್ಯ ಒಳ್ಳೆ ಕಾಫಿಪುಡಿಯ ಬಣ್ಣಕ್ಕಿದ್ದ.

ಅವಳಿಗೆ ಆಗ ನೆನಪಾಯಿತು. ಹೋದ ವಾರ ಗಂಡನಿಗೆ ಸಹಾಯವಾಗಲಿ ಎಂದು, ಅವನು ಮನೆಯಲ್ಲಿಲ್ಲದಾಗ, ಬಣ್ಣ ಸೋರಿ ಅಂಟಂಟಾಗಿದ್ದ ಡಬ್ಬಿಗಳನ್ನೆಲ್ಲ ತಾನೇ ಥಿನ್ನರ್ ಹಾಕಿ ಒರೆಸಿ ಸಾಲಾಗಿ ಜೋಡಿಸಿಟ್ಟಿದ್ದಳು. ಕೊಳೆಯ ಜೊತೆಗೆ ಮೇಲಿನ ಹೆಸರುಗಳೂ ಅಳಿಸಿಹೋಗಿದ್ದವು. ಹೋದರೇನು, ಒಳಗಿನ ಬಣ್ಣ ಕಾಣುತ್ತದಲ್ಲ ಎಂದು ಸುಮ್ಮನಾಗಿದ್ದಳು. ಹೆಸರಿಲ್ಲದ ಡಬ್ಬಿಗಳಲ್ಲಿ ಗಂಡ ಅಂದಾಜಿನ ಮೇಲೆ ಆರಿಸಿರಬೇಕು. ಇವನು ಇಷ್ಟು ದಿನ ಬಣ್ಣವನ್ನು ನೋಡುತ್ತಿರಲಿಲ್ಲ, ಓದುತ್ತಿದ್ದ.

"ನಿಮಗೆ ಬಣ್ಣ ಗೊತ್ತಾಗಲ್ವಾ?" ಎಂದಳು ಮೆಲ್ಲಗೆ.

ವಿಶ್ರುತ್ ದೀಪವನ್ನು ಮೇಜಿನ ಮೇಲಿಟ್ಟು, ಕೈಗೆ ಅಂಟಿದ್ದ ಬಣ್ಣವನ್ನು ಬಹಳ ಹೊತ್ತು ಒರೆಸಿಕೊಂಡ. ಹುಟ್ಟಿದಾಗಿನಿಂದ ಹಾಗೇ ಎಂದ. ಕೆಲವು ಬಣ್ಣ ಒಂದರೊಳಗೊಂದು ಕಲೆಸಿಹೋಗುತ್ತವಂತೆ. ಇವಳಿಗಿಂತ ಮುಂಚೆ ಗಿರಿನಗರದಲ್ಲಿ ಒಂದು ಸಂಬಂಧ ನೋಡಲು ಹೋಗಿದ್ದಾಗ ಅದನ್ನು ನಿಜವಾಗಿ ಹೇಳಿಬಿಟ್ಟಿದ್ದನಂತೆ. ಹುಡುಗಿಯ ಸೋದರಮಾವ ಜಮಖಾನ, ಪರದೆ, ತಟ್ಟೆಯಲ್ಲಿದ್ದ ಹಣ್ಣು ಒಂದೊಂದನ್ನೇ ತೋರಿಸಿ ಇದ್ಯಾವ ಬಣ್ಣ, ಇದ್ಯಾವ ಬಣ್ಣ ಎಂದು ಕೇಳಿದರಂತೆ. ಪ್ರತಿ ಉತ್ತರಕ್ಕೂ ನಡುಮನೆಯಲ್ಲಿದ್ದವರೆಲ್ಲ ನಕ್ಕರಂತೆ. ಆಮೇಲೆ ಮೈತ್ರೇಯಿಯ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಕಣ್ಣಿನ ವಿಷಯ ಅವಳಿಗೆ ದೊಡ್ಡದೆನಿಸಲಿಲ್ಲ. ಚುಚ್ಚಿದ್ದು ಬೇರೆ. ಸೀರೆ ಆರಿಸುವುದರಲ್ಲಿ ನಮ್ಮ ಮನೆಯವರನ್ನು ಬಿಟ್ಟರಿಲ್ಲ ಎಂದು ಅವಳು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅಂಗಡಿಯವನ ಬಾಯಿಂದ ಮೊದಲು ಬಣ್ಣದ ಹೆಸರು ಹೊರಡಿಸಿ, ಆಮೇಲೆ ಅದನ್ನೇ ತೂಕವಾಗಿ ಹೇಳುತ್ತಿದ್ದ ಗಂಡನ ಜಾಣತನ ಈಗ ಅರ್ಥವಾಯಿತು.

"ಹಾಗಾದ್ರೆ ಇಷ್ಟು ದಿನ ಒಪ್ಪತ್ತೆ, ಒಪ್ಪತ್ತೆ ಅಂತಿದ್ದಿದ್ದೆಲ್ಲ ಸುಳ್ಳಾ?"

"ಒಪ್ತಿದ್ದಿದ್ದು ನಿಜಾನೇ. ಅದರ ಹೆಸರು ಮಾತ್ರ ಗೊತ್ತಿರ್ತಿರ್ಲಿಲ್ಲ."

ಮೈತ್ರೇಯಿ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದೂ ಬರಲಿಲ್ಲ. ವಿಶ್ರುತ್‌ಗೆ ಅದೇ ಹೆಚ್ಚು ಭಯವಾಯಿತು. ಅವಳು ಹೊರಬಂದಾಗ, ಮತ್ತೆ ಬಳಿದರೆ ನಾಳೆಯೊಳಗೆ ಒಣಗುವುದಿಲ್ಲ, ಪ್ರದರ್ಶನಕ್ಕೆ ಹೋಗುವುದೇ ಬೇಡ, ಎಲ್ಲರೂ ನಗುತ್ತಾರೆ ಎಂದ. ನಗಲಿ, ಅಲ್ಲಿ ಇಡುವ ವಿಮಾನಗಳನ್ನು ನೋಡಿ ಯಾರಿಗೂ ನಗು ಬಂದದ್ದು ತಾನಂತೂ ಕಂಡಿಲ್ಲ ಎಂದು ಅವಳು ದೀಪವನ್ನು ತನ್ನದೊಂದು ಹಳೆಯ ಶಾಲಿನಲ್ಲಿ ಸುತ್ತತೊಡಗಿದಳು.

ಸಭಾಭವನದ ಉದ್ದನೆಯ ಮೇಜುಗಳ ಮೇಲೆ ಯುದ್ಧವಿಮಾನ, ಟ್ಯಾಂಕು, ಹಡಗುಗಳೆಲ್ಲ ಮಂಕಾಗಿ ಶಿಸ್ತಿನಿಂದ ನಿಂತಿದ್ದವು. ನಡುವೆ ಗುಲಾಬಿ ತಟ್ಟೆ, ಮದುವೆಮನೆಗೆ ಹೊರಟವರು ದಾರಿತಪ್ಪಿ ಪೊಲೀಸ್ ಸ್ಟೇಷನ್ ಹೊಕ್ಕಂತೆ ಕೂತಿತ್ತು. ಮೊದಲು ಮಕ್ಕಳು ಸುತ್ತುವರಿದರು, ಆಮೇಲೆ ಅವರ ಅಮ್ಮಂದಿರು. ವಿಶ್ರುತ್ ಕಂಬದ ಮರೆ ಹಿಡಿದ. ಸಂಘದ ಅಧ್ಯಕ್ಷರೂ ತೀರ್ಪುಗಾರರೂ ಆದ ಉಗ್ರಪ್ಪನವರು ಭೂತಗನ್ನಡಿ ಹಿಡಿದು ಬಂದು, ಬಾಗಿ, ಅಂಚುಗಳನ್ನೆಲ್ಲ ಪರೀಕ್ಷಿಸಿದರು. ಬ್ರಷ್ಷಿನ ಒಂದು ಗೆರೆಯೂ ಇಲ್ಲ ಎಂದು ಮೆಚ್ಚಿಕೊಂಡು, ಇದು ಯಾರದು ಎಂದು ಕೇಳಿದರು. ಮೈತ್ರೇಯಿ ಗಂಡನನ್ನು ಕಂಬದಿಂದ ಬಿಡಿಸಿ ಮುಂದೆ ತಂದಳು.

"ಕೆಲಸ ಅಚ್ಚುಕಟ್ಟಾಗಿದೆ. ಆದ್ರೆ ಈ ಬಣ್ಣ ಯಾಕ್ರೀ? ಇಂಥಾದ್ದಕ್ಕೆ ಬೂದು ತಾನೇ ಹಾಕೋದು?"

ಸುತ್ತಲಿದ್ದವರು ಉತ್ತರಕ್ಕೆ ಕಿವಿಗೊಟ್ಟರು. ವಿಶ್ರುತ್‌ನ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ಅದು ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಕಾಣುತ್ತಿತ್ತು.

ಮೈತ್ರೇಯಿ ಅವನ ಪಕ್ಕಕ್ಕೆ ಸರಿದು ನಿಂತಳು.

"ಅವರ ಲೋಕದಲ್ಲಿ ಇದೇ ಬೂದು, ಸಾರ್."