ಸೀಮಂತದ ಹಸಿರು ರವಿಕೆ

ಬಳೆಗಾರನ ಮುಂದೆ ಕೈಚಾಚಿ ಕೂತಿದ್ದ ಬಸುರಿ ಸೊಸೆಯನ್ನು ಅತ್ತೆ ಎಬ್ಬಿಸಿ, ಕೋಣೆಗೆ ಎಳೆದೊಯ್ದು ಚಿಲಕ ಹಾಕಿದಳು. ಸೊಸೆಯ ಹಸಿರು ರವಿಕೆ ಎದೆಯ ಹತ್ತಿರ ಒದ್ದೆಯಾಗಿತ್ತು.

“ಏನೇ ಇದು?”

“ಹಾಲು ಅತ್ತೆ. ನಿನ್ನೆಯಿಂದ ಹಂಗೇ ಜಿನುಗ್ತಾ ಇದೆ.”

“ಏಳು ತಿಂಗಳಿಗೇ ಹಾಲಾ? ಹೆತ್ತವಳಿಗೆ ಬರೋದು ಅದು. ಎದೆ ಹಂಗೆ ತುಂಬ್ಕೊಂಡಾಗಲೇ ಅನ್ಕೊಂಡೆ. ನಿಜ ಹೇಳು, ಇದಕ್ಕೆ ಮುಂಚೆ ಎಲ್ಲಿ ಹೆತ್ತಿದ್ದೆ?”

“ದೇವರಾಣೆಗೂ ಇದೇ ಮೊದಲು ಅತ್ತೆ!”

“ನಮಗಿರೋನು ಒಬ್ಬನೇ ಮಗ. ಅವನ ವಿಷಯ ನಾವೇನಾದ್ರೂ ಮುಚ್ಚಿಟ್ವಾ? ನಿಮ್ಮಪ್ಪ ಯಾಕೆ ಮುಚ್ಚಿಟ್ಟ?”

ಆರತಿಗೆಂದು ಬಂದಿದ್ದ ಊರಿನ ನರ್ಸಮ್ಮ ಗಲಾಟೆ ಕೇಳಿ ಬಾಗಿಲು ಬಡಿದಳು. ಅತ್ತೆ ಚಿಲಕ ತೆಗೆದಳು. ಒಳಗೆ ಬಂದ ನರ್ಸಮ್ಮ ರವಿಕೆ ನೋಡಿ ನಕ್ಕುಬಿಟ್ಟಳು.

“ಇಷ್ಟಕ್ಕಾ? ಹೆರಿಗೆಗೆ ಮುಂಚೆನೇ ಎಷ್ಟೋ ಜನಕ್ಕೆ ಹೀಗೆ ಜಿನುಗುತ್ತೆ ಕಣಮ್ಮ. ಒಳಗೊಂದು ಹತ್ತಿಬಟ್ಟೆ ಇಟ್ಕೊಂಡ್ರೆ ಆಯ್ತು.”

“ಚೊಚ್ಚಲಲ್ಲೂ?”

“ಹೂಂ, ಚೊಚ್ಚಲಲ್ಲೂ.”

ಸೊಸೆ ಕಣ್ಣೊರೆಸಿಕೊಂಡಳು. ಅತ್ತೆ ಹಣೆ ಚಚ್ಚಿಕೊಂಡಳು.

“ಅಯ್ಯೋ, ಹಂಗಾದ್ರೆ ಮಗನ ಮೊದಲನೇ ಹೆಂಡ್ತೀನ ತುಂಬಿದ ಬಸುರೀಲಿ ನಾನೇ ಸುಮ್ಸುಮ್ನೆ ಮನೆಯಿಂದ ಆಚೆಗೆ ಅಟ್ಟಿಬಿಟ್ಟೆನಲ್ಲ!”