ತಳ ಸೀದ ಕೆಟಲ್

ಕೆಟಲ್‌ನ ತಳ ಸೀದು ಕರ್ರಗಾಗಿತ್ತು. ನೀರಿನ ಕಂಪನಿಯ ಚಹಾದಕ್ಕ ಬೆಳಿಗ್ಗೆ ಬಂದವಳೇ ಅದನ್ನು ಕಂಡು, ಯಾವ ಪುಣ್ಯಾತ್ಮ ಒಲೆ ಮೇಲಿಟ್ಟು ಮರೆತನೋ ಎಂದು ಗೊಣಗುತ್ತ ಉಜ್ಜಲು ಕೂತಳು. ಅರ್ಧ ಉಜ್ಜುವಷ್ಟರಲ್ಲಿ ಅವಳ ಕೈ ನಿಂತಿತು. ನಿನ್ನೆ ಸಂಜೆ ತೊಳೆದು ಬೋರಲು ಹಾಕಿದ್ದ ಲೋಟಗಳು ಇಟ್ಟ ಹಾಗೇ ಇದ್ದವು. ಚಹಾಪುಡಿಯ ಡಬ್ಬಿ ಕದಲಿರಲಿಲ್ಲ, ಸೋಸುವ ಬಟ್ಟೆ ಒಣಗಿ ಸೆಟೆದುಕೊಂಡಿತ್ತು. ಹಾಗಾದರೆ ತಳ ಸೀಯುವ ತನಕ ನೀರು ಕುದಿಸಿದ್ದಾದರೂ ಯಾತಕ್ಕೆ?

ನಿನ್ನೆ ಅವಳನ್ನು ಬೇಗ ಕಳಿಸಿದವರು ಮ್ಯಾನೇಜರ್ ಸಾಹೇಬರೇ. "ಕೆಟಲ್ ತುಂಬಿಟ್ಟು ನೀವು ಹೊರಡಿ ಅಕ್ಕಾ, ಚಹಾ ನಾವೇ ಮಾಡ್ಕೋತೀವಿ" ಎಂದಿದ್ದರು. ಅವರ ಕೋಣೆಯಲ್ಲಿ ಪೈಪಿನ ಗುತ್ತಿಗೆದಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮಣ್ಣಿನ ಕೆಲಸದವನಾದರೂ ಸದಾ ಬಿಳಿ ಬೂಟು ತೊಡುವವನು, ಆಫೀಸಿನವರ ಬಾಯಲ್ಲಿ ಅವನ ಹೆಸರೇ ಬಿಳಿಬೂಟು. ಕಡ್ಡಿ ಗೀರಲೂ ಬಾರದ ಸಾಹೇಬರಿಗೆ ಚಹಾ ಮಾಡುವ ಹುಕಿ ಬಂತಲ್ಲ ಎಂದು ಅವಳು ಒಳಗೊಳಗೇ ನಗುತ್ತ ಮನೆಗೆ ಹೋಗಿದ್ದಳು.

ಹನ್ನೊಂದು ಗಂಟೆಗೆ ಟೆಂಡರ್ ಪೆಟ್ಟಿಗೆ ಮೇಜಿನ ಮೇಲೆ ಬಂತು. ಒಂಬತ್ತು ಓಣಿಗಳಿಗೆ ಹೊಸ ಪೈಪು ಹಾಕುವ ಕೆಲಸ, ಐದು ಜನ ಗುತ್ತಿಗೆದಾರರು, ನಿನ್ನೆಯೇ ಪೆಟ್ಟಿಗೆಗೆ ಬಿದ್ದಿದ್ದ ಐದು ಲಕೋಟೆ. ಪ್ರತಿಯೊಬ್ಬರೂ ತಮ್ಮ ಲಕೋಟೆಯ ಬಾಯಿಗೆ ಅಂಟು ಹಚ್ಚಿ, ಅರ್ಧ ಮಡಿಕೆಯ ಮೇಲೆ, ಅರ್ಧ ಅದರ ಕೆಳಗೆ ಬರುವ ಹಾಗೆ ಸಹಿ ಹಾಕಿ ಕೊಡುವುದು ಅಲ್ಲಿಯ ಪದ್ಧತಿ. ಸಾಹೇಬರು ಆ ಬಾಯಿಯನ್ನು ಮುಟ್ಟುತ್ತಿರಲಿಲ್ಲ. ಪಕ್ಕದ ಅಂಚನ್ನು ಕತ್ತರಿಯಿಂದ ಕತ್ತರಿಸಿ ಕಾಗದ ತೆಗೆಯುತ್ತಿದ್ದರು.

"ಅಂಟು ಅಂಟಿದ ಹಾಗೇ ಇದೆ, ಎಲ್ಲರೂ ನೋಡ್ಕೊಳ್ಳಿ" ಎಂದರು. "ನಮ್ದು ಖಾಸಗಿ ಕಂಪನಿ. ಕೆಲಸ ಯಾರಿಗೆ ಕೊಟ್ರಿ, ಯಾಕೆ ಕೊಟ್ರಿ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ಆದ್ರೂ ಎಲ್ಲ ನಿಮ್ಮೆದುರಿಗೇ ಮಾಡ್ತಿದೀನಿ."

ದರಗಳನ್ನು ಓದಿದರು. ಬಿಳಿಬೂಟಿನದೇ ಎಲ್ಲಕ್ಕಿಂತ ಕಡಿಮೆ. ಅವನ ನಂತರ ಟೇಪಜ್ಜ. ನಲವತ್ತು ವರ್ಷದಿಂದ ಅಳತೆ ಟೇಪು ಜೇಬಿನಲ್ಲಿಟ್ಟುಕೊಂಡೇ ಓಡಾಡುವ ಹಿರಿಯ ಗುತ್ತಿಗೆದಾರ. ಒಂಬತ್ತು ಓಣಿಯ ಕೆಲಸದಲ್ಲಿ ಇಬ್ಬರ ನಡುವಿನ ಅಂತರ ಬರೀ ಎರಡು ಸಾವಿರ ರೂಪಾಯಿ. "ಕೂದಲೆಳೆಯಲ್ಲಿ ತಪ್ತು ಅಜ್ಜಾ" ಎಂದು ಬಿಳಿಬೂಟು ನಕ್ಕ. ಅಜ್ಜ ಪೆಚ್ಚಾಗಿ ಟೇಪನ್ನು ಎಳೆಯುತ್ತ ಬಿಡುತ್ತ ಕೂತ.

ಚಹಾದಕ್ಕ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಹಳೆಯ ಲಕೋಟೆಗಳನ್ನು ಕುದಿಯುವ ನೀರಿನ ಹಬೆಗೆ ಹಿಡಿದು ಮೊಮ್ಮಗಳು ಸ್ಟಾಂಪು ಬಿಡಿಸುವುದನ್ನು ಅವಳು ಎಷ್ಟು ಸಲ ನೋಡಿಲ್ಲ! ಕೆಟಲ್ ಯಾತಕ್ಕೆ ಕುದಿಯಿತೆಂದು ಈಗ ಅವಳಿಗೆ ಹೊಳೆಯಿತು. ಒಂಬತ್ತು ಓಣಿಗಳಲ್ಲಿ ಅವಳದೂ ಒಂದು. ಹೋದ ಸಲ ಅಲ್ಲಿ ಪೈಪು ಹಾಕಿದವನು ಇದೇ ಬಿಳಿಬೂಟು. ಎರಡೇ ತಿಂಗಳಲ್ಲಿ ಅದು ಒಡೆದು, ಚರಂಡಿ ನೀರು ಸೇರಿ, ಆ ಮೊಮ್ಮಗಳು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಆದರೆ ಇದೇ ಕಂಪನಿಯಲ್ಲಿ ಫಿಟ್ಟರ್ ಆಗಿದ್ದ ಗಂಡ ತೀರಿಕೊಂಡಾಗ, ಕರೆದು ಕೆಲಸ ಕೊಟ್ಟವರು ಸಾಹೇಬರು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವಳಮ್ಮ ಹೇಳುತ್ತಿದ್ದಳು. ಆ ಮನೆಯ ನೀರು ಕುಡಿದೇ ಮಗು ಮಲಗಿದರೆ ಏನು ಮಾಡಬೇಕೆಂದು ಅಮ್ಮ ಹೇಳಿರಲಿಲ್ಲ.

"ಯಾರಿಗೂ ಆಕ್ಷೇಪಣೆ ಇಲ್ಲ ತಾನೇ? ಹಾಗಾದ್ರೆ ಎಲ್ಲರೂ ಒಂದೊಂದು ಸಹಿ ಹಾಕಿ. ಅಕ್ಕಾ, ಚಹಾ ಕೊಡಿ" ಎಂದರು ಸಾಹೇಬರು.

ಅವಳು ಲೋಟಗಳನ್ನು ಇಟ್ಟಳು. ಬೇರೆ ಪಾತ್ರೆ ಇದ್ದರೂ ಆ ಕೆಟಲ್‌ನಲ್ಲೇ ಚಹಾ ಮಾಡಿದ್ದಳು. ಯಾಕೆಂದು ಅವಳಿಗೇ ತಿಳಿದಿರಲಿಲ್ಲ. ಟೇಪಜ್ಜ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಏನವ್ವಾ ಇದು, ಸೀದ ವಾಸನೆ?"

ಸಾಹೇಬರು ತಲೆ ಎತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಗದರಿಕೆ ಇರಲಿಲ್ಲ, ಯಾಚನೆ ಇತ್ತು. ಅವಳಿಗೆ ಅಯ್ಯೋ ಅನ್ನಿಸಿತು. ಪಾತ್ರೆ ಹಳೇದಾಯ್ತು ಅಂದುಬಿಟ್ಟರೆ ಮುಗಿಯಿತು, ನಾಳೆಯೂ ಕೆಲಸ ಇರುತ್ತದೆ.

"ನಿನ್ನೆ ಸಂಜೆ ಕೆಟಲ್ ತಳ ಸೀದೋಯ್ತು ಅಜ್ಜಾ" ಎಂದಳು. ಬಿಳಿಬೂಟಿನ ಕಡೆ ಕೈ ತೋರಿಸಿದಳು. "ನಾನಿರ್ಲಿಲ್ಲ. ಸಾಹೇಬ್ರು, ಇವ್ರು, ಇಬ್ರೇ ಇದ್ರು. ಚಹಾ ಮಾಡ್ಕೋತೀವಿ ಅಂದಿದ್ರು. ಬೆಳಿಗ್ಗೆ ಬಂದು ನೋಡಿದ್ರೆ ಒಂದು ಲೋಟನೂ ನೆಂದಿಲ್ಲ, ಒಂದು ಚಮಚ ಪುಡಿನೂ ಖರ್ಚಾಗಿಲ್ಲ. ನೀರು ಮಾತ್ರ ಪೂರ್ತಿ ಹಬೆ ಆಗಿ ಹೋಗಿದೆ."

ಬಿಳಿಬೂಟು ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡ. ಟೇಪಜ್ಜ ಲೋಟ ಕೆಳಗಿಟ್ಟು, ಮೇಜಿನ ಮೇಲಿದ್ದ ತನ್ನ ಖಾಲಿ ಲಕೋಟೆಯನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅಂಟಿನ ಜಾಗದಲ್ಲಿ ಕಾಗದ ಸುಕ್ಕುಗಟ್ಟಿತ್ತು. ಬಾಯಿಯ ಮೇಲೆ ಹಾಕಿದ್ದ ಸಹಿಯ ಮೇಲರ್ಧವೂ ಕೆಳಗಿನರ್ಧವೂ ಕೂಡಿಬರುತ್ತಿರಲಿಲ್ಲ. ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಪಕ್ಕಕ್ಕೆ ಸರಿದಿತ್ತು. ಉಳಿದ ಮೂವರೂ ತಂತಮ್ಮ ಲಕೋಟೆಗೆ ಕೈ ಚಾಚಿದರು.

"ವಯಸ್ಸಾಯ್ತು ಸಾಹೇಬ್ರೇ, ಕೈ ನಡುಗೋದು ನಿಜ" ಎಂದ ಟೇಪಜ್ಜ, ಜೇಬಿನಿಂದ ಟೇಪು ತೆಗೆಯುತ್ತ. "ಆದ್ರೆ ನನ್ನ ಸಹಿ ನಡೂಮಧ್ಯ ಎರಡು ತುಂಡಾಗೋ ಅಷ್ಟು ಇನ್ನೂ ನಡುಗಲ್ಲ."